ಆಫ್ ಮಾಡಿದ ಮೇಲೂ ನಿಲ್ಲದ ದನಿ

ಶಿವರಾತ್ರಿ ಕಳೆದು ಬಿಸಿಲು ಬಲಿಯುತ್ತಿದ್ದ ಕಾಲ. ಮಧುಗಿರಿಯ ಒಂದು ಬೀದಿಯಲ್ಲಿ ಹೆಂಗಸರು ನೆರಳು ಹಿಡಿದು ಕೂತು, ಮರದ ಕೊಡತಿಯಲ್ಲಿ ಹುಣಸೆಹಣ್ಣು ಕುಟ್ಟುತ್ತಿದ್ದರು.

ಟಕ್... ಟಕ್... ಟಕ್... ಬೀಜ ಒಂದು ಕಡೆ, ಹಣ್ಣು ಒಂದು ಕಡೆ.

ಆ ಸದ್ದು ದಾಟಿಕೊಂಡು ಮುದ್ದರಾಜು, ಮೈಕ್ ಸೆಟ್ ರಿಪೇರಿ ಮಾಡುವ ಗಂಗಲಕ್ಷ್ಮಮ್ಮನವರ ಅಂಗಡಿ ಹತ್ತಿದ. ಹೆಗಲಲ್ಲಿ ಗಿಟಾರ್, ಕೈಯಲ್ಲಿ ಹಳದಿ ಬಟ್ಟೆಯ ಗಂಟು.

ಬಿಚ್ಚಿದರೆ... ಅಂಗೈಯಗಲದ ತಗಡಿನ ಡಬ್ಬಿ. ಗಿಟಾರಿನ ಪೆಡಲ್. ಅದಕ್ಕೊಂದು ನಿಂಬೆಹಣ್ಣು ಕಟ್ಟಿತ್ತು!

"ಏನಪ್ಪಾ ಇದು? ಇದನ್ನೂ ಲಾರಿ ಥರ ಹೈವೇಲಿ ಓಡಿಸ್ತೀಯಾ?" ಗಂಗಲಕ್ಷ್ಮಮ್ಮ ನಕ್ಕರು.

ಅವನು ನಗಲಿಲ್ಲ.

"ಅಮ್ಮ ಕಟ್ಟಿದ್ದು ಅಕ್ಕಾ. ಇದನ್ನ ಕಂಪನಿಯಿಂದ ಬಂದಂಗೆ ಮಾಡ್ಕೊಡಿ. ಇದರೊಳಗೆ... ನಮ್ಮಣ್ಣ ಅವ್ನೆ."

ಗಿಟಾರಿಗೂ ಸ್ಪೀಕರಿಗೂ ನಡುವೆ ಇಡುವ ಡಬ್ಬಿ ಅದು. ಕಾಲಲ್ಲಿ ಒತ್ತಿದರೆ, ನುಡಿಸಿದ ಸ್ವರ ಬಾವಿಯೊಳಗೆ ಕೂಗಿದ ಹಾಗೆ ಮೂರು ಸಲ ಮರುದನಿ ಕೊಡುತ್ತದೆ.

ಇನ್ನೊಮ್ಮೆ ಒತ್ತಿದರೆ ಆ ಕ್ಷಣವೇ ಬಾಯಿ ಮುಚ್ಚಬೇಕು... ಇದು ಮುಚ್ಚುತ್ತಿರಲಿಲ್ಲ.

"ಅಣ್ಣ ಆರ್ಕೆಸ್ಟ್ರಾದಲ್ಲಿ ಆರು ವರ್ಷ ಇದರ ಮೇಲೇ ನುಡಿಸ್ದ. ನಾನು ಪಕ್ಕದಲ್ಲೇ ಇದ್ದೆ, ಒಂದು ದಿನಾನೂ ಹಿಂಗಾಗಲಿಲ್ಲ. ಹೋದ ವರ್ಷ ಕಾಮಾಲೆ ಆಗಿ ಹೋಗ್ಬಿಟ್ಟ. ಈಗ ತಿಂಗಳಿಂದ ನಾನು ನುಡಿಸ್ತಿದ್ದೀನಿ... ಆಫ್ ಮಾಡಿದ ಮೇಲೂ ಒಳಗಿಂದ ದನಿ ಬರ್ತೈತೆ."

ಮುದ್ದರಾಜು ದನಿ ತಗ್ಗಿಸಿದ. "ಅದೂ ಎಲ್ಲಿ ಗೊತ್ತಾ ಅಕ್ಕಾ? ಹಾಡು ತಿರುಗೋ ಕಡೆ ಆಫ್ ಮಾಡ್ತೀನಲ್ಲ, ಸರಿಯಾಗಿ ನನ್ನ ಕೈ ತಡವರಿಸೋ ಜಾಗದಲ್ಲೇ..."

ಅವನ ಎಡಗೈಯ ಕೊನೆಯ ಎರಡು ಬೆರಳು ಅರ್ಧಕ್ಕೇ ಮುಗಿದಿದ್ದವು. ಏಳನೇ ವಯಸ್ಸಿನಲ್ಲಿ, ಮೇವು ಕತ್ತರಿಸುವ ಮೆಷಿನ್ನಿಗೆ ಸಿಕ್ಕಿ ಹೋದದ್ದು.

ಆ ದಿನ ಮೆಷಿನ್ನಿನ ಚಕ್ರ ತಿರುಗಿಸುತ್ತಿದ್ದವನು ಅಣ್ಣ. ಅಣ್ಣತಮ್ಮ ಇಬ್ಬರೂ ಆಮೇಲೆಂದೂ ಆ ಮಾತು ಎತ್ತಿದವರಲ್ಲ.

"'ನಿನ್ನ ಕೈಲಿ ಇದಾಗಲ್ಲ ಕಣೋ, ಎದ್ದೇಳು' ಅಂತ ಕಾಲ ಕೆಳಗಿಂದ ಅವನೇ ಹೇಳ್ದಂಗೆ ಆಗ್ತೈತೆ. ಭಾನುವಾರ ಮದುವೆ ಪ್ರೋಗ್ರಾಂ ಐತೆ. ಈ ದನಿ ನಿಲ್ಲದಿದ್ರೆ ಗಿಟಾರ್ ಮಾರಿ, ಇನ್ನು ಜನ್ಮದಲ್ಲಿ ಮುಟ್ಟಲ್ಲ."

ಗಂಗಲಕ್ಷ್ಮಮ್ಮ ನಾಲ್ಕು ಸ್ಕ್ರೂ ಬಿಚ್ಚಿ, ಕನ್ನಡಕ ಏರಿಸಿ ಒಳಗೆ ನೋಡಿದರು.

ಕೈ ಅಲ್ಲೇ ನಿಂತಿತು.

"ನೀನು... ಹನುಮಂತರಾಜು ತಮ್ಮನಾ?"

ಮುದ್ದರಾಜು ಎರಡು ಹೆಜ್ಜೆ ಹಿಂದೆ ಸರಿದ. ಅಣ್ಣನ ಹೆಸರು ಅವನು ಹೇಳಿರಲೇ ಇಲ್ಲ!

"ಹೆದರ್ಕೋಬೇಡ ಕೂತ್ಕೋ. ಈ ಕೆಂಪು ವೈರು ಐತಲ್ಲ, ಇದು ನಾನೇ ಹಾಕಿದ್ದು. ಹೋದ ವರ್ಷ, ಹಿಂಗೇ ಹುಣಸೆ ಕುಟ್ಟೋ ಕಾಲ... 'ಅಕ್ಕಾ, ಆಫ್ ಮಾಡಿದ್ರೆ ಕತ್ತು ಹಿಸುಕಿದಂಗೆ ನಿಂತೋಗ್ತದೆ. ಒಳಗಿರೋ ದನಿ ತಾನಾಗೇ ಮುಗಿಯೋವರೆಗೂ ಬರೋ ಹಂಗೆ ಮಾಡ್ಕೊಡು' ಅಂದ. ನಿನಗ್ಯಾಕಪ್ಪ ಇದು, ಅಷ್ಟು ಚೆನ್ನಾಗಿ ನುಡಿಸ್ತೀಯ ಅಂದೆ."

ಅವರು ಆ ಕೆಂಪು ವೈರನ್ನು ಬೆರಳ ತುದಿಯಿಂದ ಮುಟ್ಟಿದರು.

"'ನನಗಲ್ಲ, ತಮ್ಮನಿಗೆ. ಯುಗಾದಿಯಿಂದ ಅವನೇ ಮುಂದೆ ನಿಂತು ನುಡಿಸ್ಲಿ. ಒಂದು ಸ್ವರದಿಂದ ಇನ್ನೊಂದಕ್ಕೆ ಹೋಗೋಕೆ ಅವನ ಬೆರಳಿಗೆ ಚೂರು ಜಾಸ್ತಿ ಹೊತ್ತು ಬೇಕು. ಆ ಖಾಲಿ ಜಾಗ ಮಾಡಿದೋನು ನಾನು ಅಕ್ಕಾ... ನಾನೇ ತುಂಬಬೇಕು' ಅಂದ. ಇದನ್ನ ತಗೊಂಡು ಹೋದ ವಾರಕ್ಕೇ ಹಾಸಿಗೆ ಹಿಡಿದ್ನಂತೆ."

ಮುದ್ದರಾಜು ತನ್ನ ಮೊಂಡು ಬೆರಳುಗಳನ್ನೇ ನೋಡುತ್ತ ಕೂತ. ಕಣ್ಣು ತುಂಬಿ, ಬೆರಳು ಮಂಜಾದವು.

ತಿಂಗಳಿಡೀ ಯಾವ ದನಿಗೆ ಹೆದರಿ ನಿಂಬೆಹಣ್ಣು ಕಟ್ಟಿಸಿಕೊಂಡಿದ್ದನೋ... ಅದು ಅಣ್ಣ ಚಾಚಿದ ಕೈಯಾಗಿತ್ತು.

"ಕಂಪನಿಯೋರು ಎಲ್ಲಾ ಬೆರಳೂ ಇರೋರಿಗೆ ಮಾಡಿರ್ತಾರೆ ಕಣಪ್ಪ. ಅಂಗಡಿಯಿಂದ ತಂದ ಗುದ್ದಲಿ ಕಾವನ್ನ ಯಾರಾದ್ರೂ ಹಂಗೇ ಹಿಡೀತಾರಾ? ತಮ್ಮ ಅಂಗೈಗೆ ಕೂರೋ ಹಂಗೆ ಹೆರ್ಕೋತಾರೆ. ನನ್ನ ಹತ್ರ ಪೆಡಲ್ ಬಿಚ್ಚಿಸೋಕೆ ಬರೋರೆಲ್ಲ ಅದಕ್ಕೇ ಬರೋದು. ಹೇಳು, ವೈರು ಕಿತ್ತಾಕ್ಲಾ?"

"ಬೇಡ ಅಕ್ಕಾ!" ಅವನು ಎರಡೂ ಕೈಯಲ್ಲಿ ಡಬ್ಬಿ ಮುಚ್ಚಿಕೊಂಡ.

"ಹಂಗಾದ್ರೆ ನಿಮ್ಮಣ್ಣನ ಬಾಕಿ ತೀರಿಸು. ಕೂಲಿ ಬೇಡ, ತಮ್ಮನ್ನ ಕರ್ಕೊಂಡು ಬಂದು ಇಲ್ಲೇ ಒಂದು ಹಾಡು ನುಡಿಸು ಅಂದಿದ್ದೆ. 'ಇಬ್ರೂ ಬಂದೇ ಬರ್ತೀವಿ' ಅಂದಿದ್ದ... ಬರಲಿಲ್ಲ."

ಮುದ್ದರಾಜು ನಿಂಬೆಹಣ್ಣು ಬಿಚ್ಚಿದ. ಅಂಗಡಿಯ ಸ್ಪೀಕರಿಗೆ ಗಿಟಾರ್ ಜೋಡಿಸಿದ. ಅಣ್ಣನಿಗೆ ಇಷ್ಟವಾಗಿದ್ದ ಹಾಡು ಹಿಡಿದ.

ಹಾಡು ತಿರುಗುವ ಜಾಗ ಬಂತು. ಕಾಲು ಒತ್ತಿ ಪೆಡಲ್ ಆಫ್ ಮಾಡಿದ. ಎಂದಿನಂತೆ ಬೆರಳು ತಡವರಿಸಿತು...

ಒಳಗಿನ ದನಿ ಬಂತು. ಒಂದು... ಎರಡು... ಮೂರು...

ಈ ಸಲ ಅವನು ಹೆದರಲಿಲ್ಲ. ಕೈ ನಿಧಾನವಾಗಿ ತನ್ನ ಜಾಗ ಸೇರಿತು. ಹಾಡು ಎಲ್ಲೂ ಮುರಿಯದೆ ಕೊನೆ ಮುಟ್ಟಿತು.

ತಂತಿಯ ಮೇಲೆ ಅಂಗೈ ಇಟ್ಟು, ಅವನು ಎಲ್ಲ ಸದ್ದನ್ನೂ ನಿಲ್ಲಿಸಿದ. ಬೀದಿಯಲ್ಲಿ ಕೊಡತಿಗಳೂ ನಿಂತಿದ್ದವು.

ಆ ಮೌನದಲ್ಲಿ... ಮತ್ತೊಂದು ಸಲ ಬಂತು ದನಿ. ಕ್ಷೀಣವಾಗಿ ಅಲ್ಲ. ಪಕ್ಕದಲ್ಲೇ ಕೂತು ಯಾರೋ ನುಡಿಸಿದಷ್ಟು ಸ್ಪಷ್ಟವಾಗಿ.

"ಅಕ್ಕಾ... ಇದರ ಮರುದನಿ ಮೂರೇ ಸಲ ತಾನೇ?"

"ಮೂರೇ ಕಣಪ್ಪ."

ಗಂಗಲಕ್ಷ್ಮಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು. ಅವರ ನೋಟ ಮುದ್ದರಾಜುವಿನ ಪಕ್ಕದ ಖಾಲಿ ಸ್ಟೂಲಿನ ಮೇಲಿತ್ತು.

"ಇಬ್ರೂ ಬಂದಂಗಾಯ್ತು ಬಿಡು. ಬಾಕಿ ತೀರ್ತು."

ಬೀದಿಯಲ್ಲಿ ಒಂದು ಕೊಡತಿ ಮತ್ತೆ ಸದ್ದು ಮಾಡಿತು... ಟಕ್.

*

ಕಂಪನಿಯ ಅಳತೆ ಎಲ್ಲರಿಗೂ ಒಂದೇ... ನಮ್ಮ ಕೊರತೆಯ ಅಳತೆ ಗೊತ್ತಿರುವುದು ನಮ್ಮನ್ನು ಪ್ರೀತಿಸಿದವರಿಗೆ ಮಾತ್ರ.

ನೀವು ತಡವರಿಸಿದಾಗಲೆಲ್ಲ ಸದ್ದಿಲ್ಲದೆ ಆ ಜಾಗ ತುಂಬುತ್ತಿರುವವರು ಯಾರು... ಒಮ್ಮೆಯಾದರೂ ಹೆದರದೆ ಕಿವಿಗೊಟ್ಟಿದ್ದೀರಾ?