ಹಂಗೇರಿಯಿಂದ ವಿಜಯನಗರದವರೆಗೆ

“ಕೋಚ್ ಅನ್ನೋ ಇಂಗ್ಲಿಷ್ ಪದಕ್ಕೆ ಏನಮ್ಮ ಅರ್ಥ?” ಎಂದು ನಂಜುಂಡಯ್ಯನವರು ಕೇಳಿದ್ದೇ ತಡ, ಪಕ್ಕದಲ್ಲಿ ಕೂತಿದ್ದ ಅವರ ಹೆಂಡತಿ ಚೂಡಾಮಣಿಯವರ ಕೈ ಬ್ಯಾಗಿನೊಳಗಿನ ಪೆನ್ನನ್ನು ಹುಡುಕತೊಡಗಿತು.

ಎದುರಿಗೆ ನಿಂತಿದ್ದವಳು ಅನುಪಮಾ, ಮೈಸೂರಿನ ವಿಜಯನಗರದ ಈಜುಕೊಳದಲ್ಲಿ ಹೆಂಗಸರಿಗೆ ಈಜು ಕಲಿಸುವವಳು. “ನಾನೇ ಸರ್ ಕೋಚು,” ಎಂದು ನಕ್ಕಳು.

“ಅದು ಹುದ್ದೆ. ನಾನು ಕೇಳಿದ್ದು ಪದದ ಬೇರು. ತಮ್ಮ ಹುದ್ದೆಯ ಹುಟ್ಟೇ ಗೊತ್ತಿಲ್ಲದವರ ಕೈಗೆ ಇವಳನ್ನ ಹೇಗಮ್ಮ ಒಪ್ಪಿಸಲಿ?”

ಹೆಂಗಸರ ಬ್ಯಾಚಿನಲ್ಲಿ ಉಳಿದದ್ದು ಒಂದೇ ಜಾಗ, ಸೇರಲು ಇವತ್ತೇ ಕೊನೆ ದಿನ. ಅರವತ್ತು ದಾಟಿದವರಿಗೆ ಮನೆಯವರ ಸಹಿ ಬೇಕೆಂಬುದು ಅಲ್ಲಿನ ನಿಯಮ. ಚೂಡಾಮಣಿಯವರು ವಾರದಿಂದ ಫಾರಂ ಹಿಡಿದು ಓಡಾಡುತ್ತಿದ್ದರು. ಗಂಡ ‘ನೋಡೋಣ’ ಎನ್ನುತ್ತಲೇ ದಿನ ದೂಡಿದ್ದರು. ಕಪಿಲಾ ದಂಡೆಯ ಊರಲ್ಲಿ ಹುಟ್ಟಿ, ಹನ್ನೆರಡನೇ ವಯಸ್ಸಿಗೇ ಈಜಿ ಆಚೆ ದಡ ಮುಟ್ಟಿ ಬಂದಿದ್ದ ಹೆಣ್ಣು ಅದು. ಮದುವೆಯಾಗಿ ಮೈಸೂರಿಗೆ ಬಂದ ಮೇಲೆ ಮೂವತ್ತೆಂಟು ವರ್ಷ ಅವರ ಪಾಲಿಗೆ ನೀರೆಂದರೆ ಕೊಳಾಯಿಯಲ್ಲಿ ಬರುವುದು ಮಾತ್ರ. ಈಗ ಕಣ್ಣೆದುರಿನ ನೀಲಿ ನೀರು ನೋಡಿದರೆ ಅಳುವೇ ಬರುವಷ್ಟು ಆಸೆಯಾಗುತ್ತಿತ್ತು.

“ನಂಗೊತ್ತಿಲ್ಲ ಸರ್,” ಎಂದಳು ಅನುಪಮಾ. “ನೀವೇ ಹೇಳ್ಬುಡಿ.”

ಚೂಡಾಮಣಿಯವರು ಕಾಯುತ್ತಿದ್ದದ್ದೇ ಈ ಮಾತಿಗೆ. ನಂಜುಂಡಯ್ಯನವರು ಕುರ್ಚಿಗೆ ಒರಗಿ ಕಣ್ಣು ಮುಚ್ಚಿದರು. ಮೂವತ್ನಾಲ್ಕು ವರ್ಷ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡಿದ್ದು ಹೀಗೇ, ಕಣ್ಣು ಮುಚ್ಚಿಕೊಂಡೇ. ನಡುವೆ ಅಟೆಂಡರ್ ನೋಟಿಸ್ ಬುಕ್ ತಂದು ಹಿಡಿದರೆ ಕಣ್ಣನ್ನೂ ತೆರೆಯದೆ, ವಾಕ್ಯವನ್ನೂ ನಿಲ್ಲಿಸದೆ ಸಹಿ ಗೀಚಿ ಕಳಿಸುತ್ತಿದ್ದರು. ಆ ಚಟ ನಿವೃತ್ತಿಯಾದ ಮೇಲೂ ಬಿಟ್ಟಿರಲಿಲ್ಲ. ಹಾಲಿನವನ ಕಾರ್ಡಿಗೂ ಕೊರಿಯರ್‌ನವನ ಕಾಗದಕ್ಕೂ ಇದೇ ಗತಿ.

“ಹಂಗೇರಿ ದೇಶದಲ್ಲಿ ಕೋಚ್ ಅಂತ ಒಂದು ಸಣ್ಣ ಊರು,” ಎಂದು ಪಾಠ ಶುರುವಾಯಿತು. “ಅಲ್ಲಿಯ ಬಡಗಿಗಳು ಕಟ್ಟಿದ ಕುದುರೆಗಾಡಿ ಅಂದ್ರೆ ಯೂರೋಪಿಗೆಲ್ಲ ಹೆಸರುವಾಸಿ. ಊರಿನ ಹೆಸರೇ ಗಾಡಿಗೂ ಬಂತು…”

ಚೂಡಾಮಣಿಯವರು ಗಂಡನ ಬೆರಳ ಸಂದಿಗೆ ಪೆನ್ನು ಸಿಕ್ಕಿಸಿ, ತೊಡೆಯ ಮೇಲೆ ಫಾರಂ ಇಟ್ಟರು. ಪಾಠದ ಗಾಡಿ ಜರ್ಮನಿ ದಾಟುವಷ್ಟರಲ್ಲಿ ಸಹಿ ಬಿದ್ದಿತ್ತು. ಗಾಳಿ ಬಂದಾಗ ತೂರಿಕೊಳ್ಳಬೇಕಲ್ಲ! ಫಾರಂ ಅನುಪಮಾಳ ಕೈಗಿಟ್ಟು, ತುಟಿಯ ಮೇಲೆ ಬೆರಳಿಟ್ಟು, ಅವರು ಬಟ್ಟೆ ಬದಲಿಸುವ ಕೋಣೆಯತ್ತ ಹೆಜ್ಜೆ ಹಾಕಿದರು. ಸೊಸೆ ರಂಜನಿ ಗುಟ್ಟಾಗಿ ತಂದುಕೊಟ್ಟ ಈಜುಡುಗೆಯನ್ನು ಸೀರೆಯೊಳಗೆ ಮನೆಯಲ್ಲೇ ತೊಟ್ಟು ಬಂದಿದ್ದರು.

“ಆಮೇಲೆ ಆಕ್ಸ್‌ಫರ್ಡಿನ ಪೋಲಿ ಹುಡುಗರು,” ನಂಜುಂಡಯ್ಯನವರು ಕೈ ಆಡಿಸಿದರು, “ಪರೀಕ್ಷೆ ದಾಟಿಸೋ ಮೇಷ್ಟ್ರಿಗೆ ತಮಾಷೆಗೆ ಕೋಚ್ ಅಂದ್ರು. ಕೂತ್ಕೊಂಡ್ರೆ ಸಾಕು, ಊರು ಮುಟ್ಟಿಸ್ತಾನಲ್ಲ, ಅದಕ್ಕೆ! ಅತ್ತ ರೈಲು ಡಬ್ಬಿಗೂ ಅದೇ ಹೆಸರು. ಕೇಳಿಸ್ಕೊಳ್ತಿದೀಯೇನಮ್ಮ?”

“ಹೂಂ ಸರ್,” ಎಂದಳು ಅನುಪಮಾ. ಅವಳ ಕಣ್ಣೆಲ್ಲ ಮೆಟ್ಟಿಲಿಳಿಯುತ್ತಿದ್ದ ಚೂಡಾಮಣಿಯವರ ಮೇಲಿತ್ತು. ನೀರು ಸೊಂಟಕ್ಕೆ ಬಂತು, ಎದೆಗೆ ಬಂತು. ಆಮೇಲೆ ಕಾಲುಗಳು ನೆಲ ಬಿಟ್ಟವು. ಕೈ ತಾನಾಗಿಯೇ ನೀರು ಸೀಳಿತು. ಏನೂ ಮರೆತಿರಲಿಲ್ಲ! ಎದೆ ತುಂಬಿ ಬಂದು ಅವರು ನೀರಿನಲ್ಲೇ ನಕ್ಕುಬಿಟ್ಟರು.

“ಆಟದ ಮೈದಾನಕ್ಕೆ ಆ ಪದ ಬಂದದ್ದು ಎಲ್ಲಕ್ಕೂ ಕೊನೆಗೆ. ಆದ್ದರಿಂದ…” ನಂಜುಂಡಯ್ಯನವರು ಕಣ್ಣು ತೆರೆದರು. ಪಕ್ಕದ ಕುರ್ಚಿಯ ಮೇಲೆ ಬ್ಯಾಗೂ ಕನ್ನಡಕವೂ ಇದ್ದವು. ಹೆಂಡತಿ ಇರಲಿಲ್ಲ.

“ಚೂಡಾ! ಯಾವಾಗ ಇಳಿದೆ?”

“ನೀವು ಆಕ್ಸ್‌ಫರ್ಡಲ್ಲಿದ್ದಾಗ ಕಣ್ರೀ!”

“ನನ್ನ ಸಹಿ?”

ಅನುಪಮಾ ಫಾರಂ ಎತ್ತಿ ತೋರಿಸಿದಳು. “ಅದು ಜರ್ಮನೀಲೇ ಆಯ್ತು ಸರ್.”

ಚೂಡಾಮಣಿಯವರು ಕೊಳದ ಅಂಚು ಹಿಡಿದು, ಕೂದಲಿನ ನೀರು ಕೊಡವಿ ಹೇಳಿದರು: “ಪೂಲ್ ಅನ್ನೋ ಪದ ಎಲ್ಲಿಂದ ಬಂತು, ಆ ಹುಡುಗಿಗೆ ಅದನ್ನೂ ಹೇಳ್ರೀ. ಅಷ್ಟರಲ್ಲಿ ಇನ್ನೊಂದು ಸುತ್ತು ಬರ್ತೀನಿ.”

ನಂಜುಂಡಯ್ಯನವರು ಗಂಟಲು ಸರಿಮಾಡಿಕೊಂಡು ಕುರ್ಚಿಗೆ ಒರಗಿದರು. ಆದರೆ ಈ ಸಲ ಕಣ್ಣು ಮುಚ್ಚಲಿಲ್ಲ.