ನಿಂಗಾಜಮ್ಮನ ಹೊಟ್ಟೆಯ ಸಾಕ್ಷಿ

ಹೊಟ್ಟೆಯೊಳಗಿನ ಹುಳುಗಳು ಮಾತಾಡತೊಡಗಿದ ಮೇಲೆ ಜಂತುಹುಳುವಿನ ಔಷಧಿಯನ್ನು ಪರೀಕ್ಷಿಸುವುದು ಸಲೀಸಾಗಿಬಿಟ್ಟಿತ್ತು. ಗುಳಿಗೆ ಕೊಟ್ಟು, ಒಂದು ವಾರ ಬಿಟ್ಟು ಹುಳು, ಮನುಷ್ಯ ಇಬ್ಬರನ್ನೂ ವಿಚಾರಿಸಿದರೆ ಸಾಕು. ಹುಳು ಉತ್ತರ ಕೊಡದಿದ್ದರೆ ಔಷಧಿ ಪಾಸು, ಮನುಷ್ಯರು ಉತ್ತರ ಕೊಡದಿದ್ದರೆ ಫೇಲು.

ನಂಜನಗೂಡಿನ ನಿಂಗಾಜಮ್ಮನೂ ಹೊಸ ಗುಳಿಗೆಯ ಪರೀಕ್ಷೆಗೆ ಹೆಸರು ಕೊಟ್ಟಿದ್ದಳು. ಆದರೆ ಒಂದನ್ನೂ ನುಂಗಿರಲಿಲ್ಲ. ಮದುವೆಯಾದಾಗಿನಿಂದ ಗಂಡ ಅವಳ ಅಡುಗೆಯ ಬಗ್ಗೆ ತುಟಿ ಬಿಚ್ಚಿದವನಲ್ಲ. ಹೊಟ್ಟೆಯ ಹುಳುವಾದರೋ ತುತ್ತು ಇಳಿದೊಡನೆ, "ಸಾರು ಅಮೃತ ಕಣವ್ವ" ಎನ್ನುತ್ತಿತ್ತು. ಅಂಥದ್ದನ್ನು ಕೊಲ್ಲಲು ಅವಳಿಗೆ ಮನಸ್ಸು ಬರಲಿಲ್ಲ. ಗುಳಿಗೆಗಳನ್ನೆಲ್ಲ ಹಿತ್ತಲಿನ ದಾಸವಾಳದ ಬುಡಕ್ಕೆ ಉಗಿದಿದ್ದಳು.

ವಾರ ಕಳೆದ ಮೇಲೆ ಪರೀಕ್ಷೆ ನಡೆಸುತ್ತಿದ್ದ ಡಾಕ್ಟರ್ ವಸುಧಾ ಅವಳ ಹೊಟ್ಟೆಗೆ ಮೈಕು ಹಿಡಿದು, "ಹೇಗಿದ್ದೀಯಪ್ಪ?" ಎಂದರು.

"ಚೆನ್ನಾಗಿವ್ನಿ. ರಾತ್ರಿ ಮುದ್ದೆ, ಹುರುಳಿಕಾಳು ಸಾರು," ಎಂದಿತು ಹುಳು.

ಡಾಕ್ಟರ ಮುಖ ಬಾಡಿತು. "ನಿಂಗಾಜಮ್ಮ, ನಿಮಗೇನಾದ್ರೂ ತೊಂದರೆ ಆಯ್ತಾ? ವಾಂತಿ, ತಲೆಸುತ್ತು?"

"ಏನೂ ಇಲ್ಲ ಕಣವ್ವ, ಗುಂಡುಕಲ್ಲಿನಂಗಿವ್ನಿ."

ಬಾಡಿದ ಮುಖ ಅರಳಿತು. "ಹಾಗಾದ್ರೆ ಡೋಸು ಕಮ್ಮಿ ಆಗಿದೆ, ಅಷ್ಟೆ. ವಿಷವಂತೂ ಅಲ್ಲ. ನಾಳೆ ಹಾಸ್ಟೆಲ್ ಮಕ್ಕಳಿಗೆ ಇದರ ಎರಡರಷ್ಟು ಕೊಟ್ಟು ನೋಡೋಣ."

ಬೇರುಸಮೇತ ಒಣಗಿ ಕಡ್ಡಿಯಾದ ದಾಸವಾಳ ನಿಂಗಾಜಮ್ಮನ ಕಣ್ಣ ಮುಂದೆ ಬಂತು. ಆ ಸಂಕಟವನ್ನು ಅವಳು ಹುಳುವಿನ ಹತ್ತಿರವಷ್ಟೇ ತೋಡಿಕೊಂಡಿದ್ದಳು. ನಿಜ ಹೇಳಿದರೆ ಇನ್ನೊಂದು ಗುಳಿಗೆ ತಂದು, ಎದುರಿಗೇ ಕೂತು ನುಂಗಿಸುತ್ತಾರೆ. ಅವಳು ಸೆರಗನ್ನು ಹೊಟ್ಟೆಯ ಮೇಲೆ ಎಳೆದುಕೊಂಡಳು.

"ಡಾಕ್ಟ್ರೇ," ಎಂದಿತು ಹುಳು, "ಮಕ್ಕಳಿಗೆ ಕೊಡಕ್ಕೆ ಮೊದ್ಲು ನಮ್ಮವ್ವನ ಹಿತ್ತಲ ದಾಸವಾಳನ ವಿಚಾರಿಸಿ. ಗುಳಿಗೆ ತಿಂದಿದ್ದು ಅದು."