ಗಾಜಿನ ಮೇಲಿನ ರಾಶಿ

"ಲಾಭ, ಎರಡು, ಮೂರು, ನಾಲ್ಕು..."

ಸಿಂಧನೂರಿನ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಯಂಕೋಬ ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿ ಎಣಿಸುತ್ತಿದ್ದ. ಅವನಪ್ಪ ಪಾಮನಕಲ್ಲೂರಿನಲ್ಲಿ ಜೋಳದ ರಾಶಿ ಅಳೆಯುತ್ತಿದ್ದವನು. ಮೊದಲ ಸೇರಿಗೆ 'ಒಂದು' ಅಂದರೆ ರಾಶಿ ಅಲ್ಲಿಗೇ ನಿಲ್ಲುತ್ತದೆ, 'ಲಾಭ' ಅಂದರೆ ಹೆಚ್ಚುತ್ತದೆ ಎಂಬುದು ರೂಢಿ. ಮಗ ಜೋಳ ಬಿಟ್ಟು ರಕ್ತದ ಕಣ ಎಣಿಸುವ ನೌಕರಿಗೆ ಬಂದು ಹತ್ತು ವರ್ಷವಾದರೂ ಬಾಯಿ ಮಾತ್ರ ರಾಶಿಯ ಮುಂದೆಯೇ ಕೂತಿತ್ತು.

ಬಾಗಿಲಾಚೆ ಜವಳಗೇರಾದ ಹುಸೇನಮ್ಮ ಅವನ ದನಿಯ ಜೊತೆಗೇ ಬೆರಳು ಮಡಚುತ್ತಿದ್ದಳು. ಗದ್ದೆಗಳಲ್ಲಿ ನೆಲ್ಲಿನ ಸಸಿ ಹಚ್ಚುವ ಕೂಲಿಯವಳು. ಆರು ವರ್ಷದ ಮಗಳು ಆದೆಮ್ಮನಿಗೆ ಮೂರು ದಿನದಿಂದ ಜ್ವರ, ಫಿಟ್ಸು. ಕರೆದರೆ ಕಣ್ಣು ತೆರೆಯುತ್ತಿಲ್ಲ. ಸೊಳ್ಳೆ ಕಚ್ಚಿ ಬಂದ ವೈರಸ್ಸು ಮಿದುಳಿಗೆ ಏರಿದೆಯೆಂದು ಡಾಕ್ಟರಿಗೆ ಅನುಮಾನ. ಬೆಳಿಗ್ಗೆ ಮಗುವಿನ ಬೆನ್ನಿನಿಂದ ಸೂಜಿಯಲ್ಲಿ ತೆಗೆದ ನೀರಿನ ಹನಿಯೇ ಈಗ ಯಂಕೋಬನ ಗಾಜಿನ ಮೇಲಿದ್ದದ್ದು.

ಬಿಳಿ ಕಣಗಳ ಎಣಿಕೆ ನೂರು ದಾಟಿತು. ಹುಸೇನಮ್ಮನ ಮುಖ ಅರಳಿತು.

"ಅಣ್ಣಾ, ಭಾಳ ಅದಾವಲ್ರೀ! ಬಿಳೇ ಕಣ ಅಂದ್ರ ಜಡ್ಡಿನ ಜೋಡಿ ಬಡದಾಡಾವು ಅಂತ ಡಾಕ್ಟರು ಅಂದಾರ. ನಮ್ಮ ಆದಿ ಗೆದ್ದಂಗ ಬಿಡ್ರಿ!"

ಯಂಕೋಬ ತಲೆ ಎತ್ತಲಿಲ್ಲ. "ಬೆನ್ನಿನ ನೀರಾಗ ಅವು ಐದಕ್ಕಿಂತ ಹೆಚ್ಚು ಇರಬಾರದವಾ ತಂಗೀ."

"ಯಾಕ್ರೀ?"

"ನಿಮ್ಮ ಗದ್ದ್ಯಾಗ ಹಂದಿ ಹೊಕ್ರ ಏನ್ ಮಾಡ್ತೀರಿ?"

"ಏನ್ ಮಾಡದು, ಊರ ಮಂದಿಯೆಲ್ಲಾ ಬಡಿಗಿ ತಗೊಂಡು ಬೆನ್ನ ಹತ್ತತೀವಿ."

"ಆಮ್ಯಾಲ ನೋಡಿದ್ರ? ಹಂದಿ ತುಳದದ್ದೆಷ್ಟು, ಮಂದಿ ತುಳದದ್ದೆಷ್ಟು? ಮಿದುಳಾಗೂ ಹಂಗವಾ."

ಅಂಥ ಗದ್ದೆಗಳನ್ನು ಕಂಡವಳು ಹುಸೇನಮ್ಮ. ಹಾಗೆ ಕಾಲಡಿ ಸಿಕ್ಕ ಸಸಿಗಳಲ್ಲಿ ಕೆಲವು ಮತ್ತೆ ಏಳುತ್ತವೆ, ಕೆಲವು ಏಳುವುದಿಲ್ಲ.

"ಹಂಗಾರ ಆ ಕಣಗಳ್ನ ಹೊಳ್ಳಿ ಕರೀರಿ," ಅಂದಳು ಮೆಲ್ಲಗೆ.

"ಕರದ್ರ ಬರಾಂಗಿದ್ರ ಕರೀತಿದ್ದಿಲ್ಲೇನವಾ?"

ನಾಲ್ಕು ದಿನ ಕಳೆದವು. ಜ್ವರ ಇಳಿಯಿತು, ಆದೆಮ್ಮ ಕಣ್ಣು ತೆರೆಯಲಿಲ್ಲ. ಡಾಕ್ಟರು ಮತ್ತೊಮ್ಮೆ ಬೆನ್ನಿಗೆ ಸೂಜಿ ಹಾಕಿ ನೀರು ತೆಗೆದರು. ಯಂಕೋಬ ಗಾಜಿಗೆ ಹನಿ ಬಿಟ್ಟು, ಬಗ್ಗಿ, ಇನ್ನೇನು ಬಾಯಿ ತೆರೆಯಬೇಕು, ಅಷ್ಟರಲ್ಲಿ ಹುಸೇನಮ್ಮನ ದನಿ ಬಂತು.

"ಅಣ್ಣಾ, ಕೈ ಮುಗಿತೀನಿ. ಇವತ್ತ ಲಾಭ ಅನಬ್ಯಾಡ್ರಿ."

ಅವನ ತುಟಿ ಅಲ್ಲೇ ನಿಂತಿತು. ಅಪ್ಪ ಇದ್ದಿದ್ದರೆ ತಲೆಗೆ ಮೊಟಕುತ್ತಿದ್ದ. ಆಗಷ್ಟೇ ಮಾತು ಕಲಿಯುವ ಕೂಸಿನಂತೆ ಅಂದ:

"ಒಂದು."

ಬಾಗಿಲಾಚೆ ಹುಸೇನಮ್ಮ ಒಂದು ಬೆರಳು ಮಡಚಿದಳು. ಉಳಿದ ನಾಲ್ಕು ಮಡಚದಂತೆ ಎಡಗೈಯಿಂದ ಗಟ್ಟಿಯಾಗಿ ಹಿಡಿದುಕೊಂಡಳು.